ಹಳೆಯ ನೋವಿಗೆ ಕರೆಂಟ್ ಚಿಕಿತ್ಸೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮೂರು ತಿಂಗಳಿಗೂ ಮೀರಿ ಉಳಿದುಬಿಡುವ ನೋವಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಮುಂಬಯಿ, ಪುಣೆ ಮತ್ತು ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ‘ಕರೆಂಟ್ ಕೊಡುವ’ ಚಿಕಿತ್ಸೆಯನ್ನು ಕುರಿತೇ ಇದ್ದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಡಾಕ್ಟರರಿಗೆ ನಮಸ್ಕಾರ. ನನಗೆ ಐವತ್ತೆಂಟು ವರ್ಷ. ಆರು ವರ್ಷಗಳಿಂದ ಸೊಂಟನೋವಿದೆ, ಈಚೆಗೆ ಬಲ ಮಂಡಿಯೂ ಸೇರಿಕೊಂಡಿದೆ. ಎಂ.ಆರ್.ಐ. ನೋಡಿದ ಡಾಕ್ಟರರು ಆಪರೇಷನ್ ಅಗತ್ಯವಿಲ್ಲ ಎಂದರು. ಸೊಸೆ ಫೋನಿನಲ್ಲಿ ಜಾಹೀರಾತು ನೋಡಿ ಟೆನ್ಸ್ ಯಂತ್ರವನ್ನು ತರಿಸಿಕೊಟ್ಟಳು. ಮೊದಲ ನಾಲ್ಕೈದು ದಿನ ಹಾಯೆನಿಸಿತು. ಈಗ ರಾತ್ರಿ ಮಲಗುವ ಮುಂಚೆ ಅರ್ಧ ಗಂಟೆ ಹಾಕಿಕೊಂಡರೂ ಬೆಳಿಗ್ಗೆ ಏಳುವಾಗ ಅದೇ ನೋವು. ಯಂತ್ರ ಕೆಟ್ಟಿದೆಯೇ, ಅಥವಾ ನನ್ನ ನರಗಳೇ ಕೆಟ್ಟಿವೆಯೇ?
— ಡೊಂಬಿವಲಿಯ ಓದುಗರು

ಉತ್ತರ: ಎರಡೂ ಕೆಟ್ಟಿರಲಾರವು. ಯಂತ್ರವನ್ನು ಹಾಕಿಕೊಳ್ಳುವ ಹೊತ್ತು ಮತ್ತು ಕ್ರಮ ಎರಡೂ ನಿಮಗೆ ಹೊಂದಿಕೆಯಾಗಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಇದನ್ನು ತುಸು ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ಇದೇ ದೂರು ಇನ್ನೂ ಹಲವು ಪತ್ರಗಳಲ್ಲಿದೆ.

ಟೆನ್ಸ್ ಎಂದರೆ ಚರ್ಮದ ಮೇಲೆ ಅಂಟಿಸಿದ ಪ್ಯಾಡ್‌ಗಳ ಮೂಲಕ ಕೆಳಗಿನ ನರಗಳಿಗೆ ಚಿಕ್ಕ ಚಿಕ್ಕ ವಿದ್ಯುತ್ ಮಿಡಿತಗಳನ್ನು ಕಳಿಸುವ, ಬ್ಯಾಟರಿಯಿಂದ ನಡೆಯುವ ಸಣ್ಣ ಉಪಕರಣ. ನಮ್ಮ ನರಗಳಲ್ಲಿ ಸ್ಪರ್ಶ ಮತ್ತು ಒತ್ತಡದ ಸುದ್ದಿಯನ್ನು ಒಯ್ಯುವ ದಪ್ಪನೆಯ ತಂತುಗಳಿವೆ, ಉರಿ ಮತ್ತು ಮಂದ ನೋವಿನ ಸುದ್ದಿಯನ್ನು ಒಯ್ಯುವ ತೆಳ್ಳನೆಯ ತಂತುಗಳೂ ಇವೆ. ದಪ್ಪ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಹಲವು ಹತ್ತು ಮೀಟರ್ ವೇಗದಲ್ಲಿ ಓಡಿದರೆ, ಅತಿ ತೆಳ್ಳನೆಯ ತಂತುಗಳಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ತೆವಳುತ್ತದೆ. ಎರಡೂ ಬಗೆಯ ತಂತುಗಳು ಬೆನ್ನುಹುರಿಯ ಹಿಂಭಾಗದಲ್ಲಿ ಸಂಧಿಸುತ್ತವೆ. ಅಲ್ಲಿ ದಪ್ಪ ತಂತುಗಳ ಸುದ್ದಿ ಬಿಡುವಿಲ್ಲದೆ ಬರುತ್ತಿದ್ದರೆ ನೋವಿನ ಸುದ್ದಿಗೆ ಮಿದುಳಿನತ್ತ ಹೋಗಲು ದಾರಿ ಕಿರಿದಾಗುತ್ತದೆ ಎಂದು ಕೆನಡಾದ ರೊನಾಲ್ಡ್ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ‘ಗೇಟ್ ಕಂಟ್ರೋಲ್’ ಸಿದ್ಧಾಂತವೆಂದು ಪ್ರಸಿದ್ಧವಾದದ್ದು ಇದೇ. ಮೊಣಕೈ ಬಾಗಿಲಿಗೆ ಬಡಿದಾಗ ಯಾರೂ ಹೇಳಿಕೊಡದಿದ್ದರೂ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲ, ಅದರಿಂದ ಸಿಗುವ ನೆಮ್ಮದಿಗೂ ಕಾರಣ ಇದೇ. ಸಿದ್ಧಾಂತದ ಬಿಡಿ ವಿವರಗಳು ಮುಂದೆ ತಿದ್ದುಪಡಿಯಾಗಿವೆ, ತಿರುಳು ಉಳಿದಿದೆ. 1967ರಲ್ಲಿ ವಾಲ್ ಮತ್ತು ನರಶಸ್ತ್ರವೈದ್ಯ ವಿಲಿಯಂ ಸ್ವೀಟ್, ನರಕ್ಕೆ ವಿದ್ಯುತ್ ಮಿಡಿತ ಕೊಟ್ಟು ನೋವನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದೆಂದು ಮನುಷ್ಯರಲ್ಲಿಯೇ ತೋರಿಸಿಕೊಟ್ಟರು.

‘ತಾತ್ಕಾಲಿಕವಾಗಿ’ ಎಂಬುದನ್ನು ಜಾಹೀರಾತುಗಳು ನುಂಗಿಬಿಡುತ್ತವೆ. ಟೆನ್ಸ್ ಕೊಡುವ ನೆಮ್ಮದಿ ಬಹುಪಾಲು ಅದು ನಡೆಯುತ್ತಿರುವಾಗ ಮತ್ತು ನಿಲ್ಲಿಸಿದ ಸ್ವಲ್ಪ ಹೊತ್ತಿನವರೆಗೆ ಮಾತ್ರ ಇರುತ್ತದೆ. ಮಲಗುವ ಮುಂಚೆ ಹಾಕಿಕೊಂಡರೆ ಅದರ ಫಲವೆಲ್ಲ ನಿದ್ರೆಯ ಮೊದಲ ಜಾವದಲ್ಲೇ ಮುಗಿದಿರುತ್ತದೆ. ಬೆಳಗಿನ ನೋವಿಗೆ ಅದು ಉಳಿಯುವುದಿಲ್ಲ. ನಿಮ್ಮ ಮಟ್ಟಿಗೆ ಈ ಯಂತ್ರದ ಬೆಲೆ ಇರುವುದು ಅದು ನಡೆಯುತ್ತಿರುವಾಗ ನೀವು ಏನು ಮಾಡಬಲ್ಲಿರಿ ಎಂಬುದರಲ್ಲಿ. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಲ್ಲುವ ಹೊತ್ತಿಗೆ, ಕಟ್ಟಡದ ಮೆಟ್ಟಿಲು ಇಳಿದು ಮಾರುಕಟ್ಟೆಗೆ ಹೋಗುವಾಗ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮಗಳನ್ನು ಮಾಡುವಾಗ ಅದನ್ನು ಹಾಕಿಕೊಳ್ಳಿ. ಸುಮ್ಮನೆ ಕೂತಾಗಿನ ನೋವಿಗಿಂತ ಚಲನೆಯಿಂದ ಎದ್ದೇಳುವ ನೋವಿನ ಮೇಲೆ ಟೆನ್ಸ್ ಹೆಚ್ಚು ಕೆಲಸ ಮಾಡುತ್ತದೆಂಬುದಕ್ಕೆ ಆಧಾರಗಳಿವೆ. ಸೊಂಟ ಮತ್ತು ಮಂಡಿಯ ಸ್ನಾಯುಗಳು ಬಲಗೊಳ್ಳುವುದು ನಡೆದಾಟ ಮತ್ತು ವ್ಯಾಯಾಮದಿಂದಲೇ. ಯಂತ್ರ ಅದಕ್ಕೆ ಬಿಡುವು ಮಾಡಿಕೊಡಬಲ್ಲದು, ಅಷ್ಟೇ.

ಇನ್ನು ಮೊದಲ ವಾರದ ಬಳಿಕ ಪರಿಣಾಮ ಕುಗ್ಗಿದ್ದರ ಬಗ್ಗೆ. ದಿನವೂ ಅದೇ ಹೊತ್ತಿಗೆ, ಅದೇ ವೇಗದಲ್ಲಿ, ಅದೇ ತೀವ್ರತೆಯಲ್ಲಿ ಟೆನ್ಸ್ ಕೊಟ್ಟರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ನಾಲ್ಕೈದು ದಿನಗಳಲ್ಲೇ ಹೀಗಾಗುವುದನ್ನು ಕಂಡಿದ್ದಾರೆ. ನಿಮ್ಮ ಲೆಕ್ಕವೂ ಅದಕ್ಕೆ ಹತ್ತಿರವೇ ಇದೆ. ಟೆನ್ಸ್ ನಮ್ಮ ದೇಹದೊಳಗಿನ ಅಫೀಮಿನಂಥ ರಾಸಾಯನಿಕಗಳ ವ್ಯವಸ್ಥೆಯನ್ನೂ ಎಚ್ಚರಿಸುವುದರಿಂದ, ಔಷಧಿಗೆ ದೇಹ ಒಗ್ಗುವಂತೆಯೇ ಇದಕ್ಕೂ ಒಗ್ಗುತ್ತದೆ. ಉಪಾಯವೆಂದರೆ ಬದಲಾಯಿಸುತ್ತಿರುವುದು. ನಿಮ್ಮ ಯಂತ್ರದಲ್ಲಿ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದನ್ನು ಹರ್ಟ್ಸ್‌ನಲ್ಲಿ ತೋರಿಸುವ ಗುಂಡಿ ಇರಬೇಕು. 80ರಿಂದ 100 ಹರ್ಟ್ಸ್‌ನಷ್ಟು ಇಟ್ಟರೆ ಜುಮುಜುಮು ಎನ್ನುವ ಅನುಭವ, 2ರಿಂದ 4 ಹರ್ಟ್ಸ್‌ಗೆ ಇಳಿಸಿದರೆ ಸ್ನಾಯು ಟಕ್ ಟಕ್ ಎಂದು ಕುಣಿಯುವ ಅನುಭವ. ಇವೆರಡರ ನಡುವೆ ದಿನ ಬಿಟ್ಟು ದಿನ ಬದಲಾಯಿಸಿ, ಅಥವಾ ತಾನಾಗಿಯೇ ವೇಗ ಬದಲಾಯಿಸುವ ಕ್ರಮವಿದ್ದರೆ ಅದನ್ನೇ ಆರಿಸಿಕೊಳ್ಳಿ. ಪ್ರತಿ ಮಿಡಿತದ ಅಗಲ ಸಾಮಾನ್ಯವಾಗಿ 50ರಿಂದ 250 ಮೈಕ್ರೋಸೆಕೆಂಡ್‌ಗಳ ನಡುವೆ ಇರುತ್ತದೆ. ಅದನ್ನು ಮುಟ್ಟುವ ಅಗತ್ಯ ನಿಮಗಿಲ್ಲ.

ತೀವ್ರತೆಯ ವಿಷಯದಲ್ಲಿ ನಮ್ಮ ಹೆಂಗಸರು, ಅದರಲ್ಲೂ ಕರೆಂಟಿಗೆ ಹೆದರುವವರು, ಬಹಳ ಕಡಿಮೆಗೇ ನಿಲ್ಲಿಸುತ್ತಾರೆ. ತೆಳುವಾಗಿ ಗೊತ್ತಾಗುವಷ್ಟು ಸಾಲದು. ನೋವಾಗದಂತೆ, ಆದರೆ ‘ಇದಕ್ಕಿಂತ ಜಾಸ್ತಿ ಬೇಡ’ ಅನ್ನಿಸುವಷ್ಟು ಬಲವಾಗಿ ಇರಬೇಕು. ಹತ್ತು ನಿಮಿಷಕ್ಕೆ ಆ ಅನುಭವ ಮಂದವಾದರೆ ಮತ್ತೆ ಸ್ವಲ್ಪ ಏರಿಸಬೇಕು. ಪ್ಯಾಡ್‌ಗಳನ್ನು ನೋವಿರುವ ಜಾಗದ ಎರಡೂ ಬದಿಗೆ, ಒಂದಕ್ಕೊಂದು ತಾಗದಂತೆ ಹಾಕಿ. ಸೊಂಟಕ್ಕಾದರೆ ಬೆನ್ನೆಲುಬಿನ ಮೂಳೆಯ ಮೇಲೆ ಬೇಡ, ಅದರ ಆಚೀಚೆಯ ಸ್ನಾಯುವಿನ ಮೇಲೆ. ಮುಂಬಯಿಯ ಸೆಖೆಯಲ್ಲಿ ಬೆವರು, ಎಣ್ಣೆ, ಪೌಡರ್ ಸೇರಿ ಪ್ಯಾಡಿನ ಅಂಟು ಬೇಗ ಹೋಗುತ್ತದೆ. ಅಂಚು ಎದ್ದ ಪ್ಯಾಡಿನಲ್ಲಿ ಕರೆಂಟ್ ಒಂದೇ ಕಡೆ ಒತ್ತರಿಸಿಕೊಂಡು ಚುಚ್ಚುತ್ತದೆ, ಚುಚ್ಚುತ್ತದೆಂದು ನಾವು ತೀವ್ರತೆ ಇಳಿಸುತ್ತೇವೆ, ಇಳಿಸಿದ್ದರಿಂದ ಫಲ ಸಿಗುವುದಿಲ್ಲ. ಯಂತ್ರ ಕೆಟ್ಟಿದೆ ಎನ್ನುವವರಲ್ಲಿ ಅನೇಕರಿಗೆ ಬೇಕಾದದ್ದು ಹೊಸ ಪ್ಯಾಡ್. ಸಾಬೂನಿನಿಂದ ತೊಳೆದು ಚೆನ್ನಾಗಿ ಒರೆಸಿದ ಚರ್ಮದ ಮೇಲೆ ಹಾಕಿ, ತೆಗೆದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ಮತ್ತೆ ಅಂಟಿಸಿಡಿ.

ಕಾಫಿಪ್ರಿಯರಿಗೆ ಒಂದು ಮಾತು: 1995ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಒಂದು ಚಿಕ್ಕ ಪ್ರಯೋಗದಲ್ಲಿ, 200 ಮಿಲಿಗ್ರಾಂ ಕೆಫೀನ್ ಸೇವಿಸಿದ ಆರೋಗ್ಯವಂತರಲ್ಲಿ ಟೆನ್ಸ್‌ನ ಪರಿಣಾಮ ತಗ್ಗಿತ್ತು. ಇಷ್ಟರಿಂದ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. ಎರಡು ಲೋಟ ಗಟ್ಟಿ ಫಿಲ್ಟರ್ ಕಾಫಿ ಕುಡಿದ ಕೂಡಲೇ ಯಂತ್ರ ಹಾಕಿಕೊಳ್ಳುವ ರೂಢಿಯಿದ್ದರೆ ಹೊತ್ತು ಬದಲಾಯಿಸಿ ನೋಡಬಹುದು.

ಸೊಂಟನೋವಿನ ಜೊತೆ ಎಂದಾದರೂ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದಂತೆ ಸೋರಿದರೆ, ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಂತಾದರೆ, ಜ್ವರ ಬಂದರೆ ಅಥವಾ ಕಾರಣವಿಲ್ಲದೆ ತೂಕ ಇಳಿದರೆ ಯಂತ್ರವನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನಾಲ್ಕು ಕಪ್ಪು ಬಟ್ಟಲುಗಳನ್ನು ಬೆನ್ನಿಗೆ ಹಚ್ಚಿ ಐ.ಎಫ್.ಟಿ. ಕೊಡುತ್ತಾರೆ, ಆಮೇಲೆ ಶೇಕ್ ಕೊಡುತ್ತಾರೆ. ಮನೆಯ ಟೆನ್ಸ್ ಮತ್ತು ಇದು ಒಂದೇ ಅಲ್ಲವೇ? ದಿನವೂ ದುಡ್ಡು ಕೊಟ್ಟು ಹೋಗಬೇಕೇ?
— ಠಾಣೆಯ ಓದುಗರು

ಉತ್ತರ: ಉದ್ದೇಶ ಒಂದೇ, ವಿಧಾನ ಬೇರೆ. ಐ.ಎಫ್.ಟಿ.ಯಲ್ಲಿ 4000 ಹರ್ಟ್ಸ್ ಆಸುಪಾಸಿನ, ಒಂದಕ್ಕೊಂದು ತುಸುವೇ ವ್ಯತ್ಯಾಸವಿರುವ ಎರಡು ವಿದ್ಯುತ್ ಪ್ರವಾಹಗಳನ್ನು ದೇಹದಲ್ಲಿ ಒಂದರ ಮೇಲೊಂದು ಹಾಯಿಸುತ್ತಾರೆ. ಅವು ಕೂಡುವಲ್ಲಿ ಟೆನ್ಸ್‌ನಷ್ಟೇ ನಿಧಾನದ ಮಿಡಿತ ಹುಟ್ಟುತ್ತದೆ. ಶೇಕ್ ಎಂದು ಮರಾಠಿಯಲ್ಲಿ ಹೇಳುವುದು ಶಾಖವನ್ನು. ಅದು ನರ ಪ್ರಚೋದನೆಯಲ್ಲ. ಐ.ಎಫ್.ಟಿ. ಟೆನ್ಸ್‌ಗಿಂತ ಮೇಲು ಎನ್ನಲು ಗಟ್ಟಿ ಆಧಾರವಿಲ್ಲ. ಕ್ಲಿನಿಕ್ಕಿಗೆ ಹೋಗುವುದು ಅಲ್ಲಿ ಕಲಿಸುವ ವ್ಯಾಯಾಮಕ್ಕಾಗಿಯಾದರೆ ಹೋಗಿ. ವ್ಯಾಯಾಮವಿಲ್ಲದೆ ಬರೀ ಮಲಗಿಸಿ ಕರೆಂಟ್, ಶೇಕ್ ಕೊಟ್ಟು ಕಳಿಸುತ್ತಿದ್ದರೆ ಆ ದುಡ್ಡನ್ನು ಉಳಿಸಬಹುದು.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತೊಂದು. ಕಳೆದ ವರ್ಷ ಎದೆಯ ಎಡಭಾಗದಲ್ಲಿ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿ ಎಷ್ಟೋ ತಿಂಗಳಾದರೂ ಅಲ್ಲಿ ಬನಿಯನ್ ತಾಗಿದರೂ ಉರಿ ಎನ್ನುತ್ತಾರೆ. ಅವರಿಗೆ ಪೇಸ್‌ಮೇಕರ್ ಹಾಕಿದೆ. ಟೆನ್ಸ್ ಹಾಕಬಹುದೇ?
— ವಾಸ್ಕೋದ ಓದುಗರು

ಉತ್ತರ: ಬೇಡ. ಯಂತ್ರದ ಮಿಡಿತವನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದೇ ತಪ್ಪು ತಿಳಿದು, ತಾನು ಕೊಡಬೇಕಾದ ಮಿಡಿತವನ್ನು ನಿಲ್ಲಿಸಿಬಿಡಬಹುದು. ಒಳಗೆ ಡಿಫಿಬ್ರಿಲೇಟರ್ (ಬಡಿತ ತಪ್ಪಿದ ಹೃದಯವನ್ನು ಶಾಕ್ ಕೊಟ್ಟು ಸರಿಪಡಿಸುವ ಉಪಕರಣ) ಇರುವವರಲ್ಲಿ ಅದು ಅನಗತ್ಯ ಶಾಕ್ ಕೊಡಬಹುದು. ನೋವಿರುವ ಜಾಗ ಎದೆಯೇ ಆಗಿರುವುದರಿಂದ ಇದು ಯೋಚಿಸುವ ವಿಷಯವೇ ಅಲ್ಲ. ಕತ್ತಿನ ಮುಂಭಾಗಕ್ಕೆ, ಕಣ್ಣಿನ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ, ಕ್ಯಾನ್ಸರ್ ಗಡ್ಡೆ ಇರುವಲ್ಲಿ, ರಕ್ತ ಹೆಪ್ಪುಗಟ್ಟಿದ ಕಾಲಿಗೆ, ಗಾಯ ಅಥವಾ ಸ್ಪರ್ಶ ತಿಳಿಯದ ಚರ್ಮದ ಮೇಲೆ ಯಾರೂ ಹಾಕಿಕೊಳ್ಳಬಾರದು. ಮೂರ್ಛೆರೋಗವಿರುವವರು ತಲೆ, ಕತ್ತಿನ ಬಳಿ ಹಾಕಿಕೊಳ್ಳಬಾರದು. ಸ್ನಾನ ಮಾಡುವಾಗ, ವಾಹನ ಓಡಿಸುವಾಗ, ನಿದ್ರೆ ಮಾಡುವಾಗ ಮತ್ತು ಯಂತ್ರ ಚಾರ್ಜ್ ಆಗುತ್ತಿರುವಾಗಲೂ ಬೇಡ.

ಸರ್ಪಸುತ್ತಿನ ನಂತರ ಉಳಿಯುವ ಈ ಉರಿ ನರಕ್ಕೇ ಆದ ಪೆಟ್ಟಿನಿಂದ ಬರುವಂಥದ್ದು. ಮಾಮೂಲಿ ನೋವಿನ ಮಾತ್ರೆಗಳಿಗೆ ಅದು ಜಗ್ಗುವುದಿಲ್ಲ. ಇದಕ್ಕೆ ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ಮುಂತಾದ ಔಷಧಿಗಳಿವೆ, ಚರ್ಮದ ಮೇಲೆ ಅಂಟಿಸುವ ಲಿಡೋಕೇನ್ ಪ್ಯಾಚ್ ಇದೆ. ಅಮಿಟ್ರಿಪ್ಟಿಲಿನ್ ಕೂಡ ಕೆಲಸ ಮಾಡುತ್ತದೆ, ಆದರೆ ಹೃದಯದ ತೊಂದರೆ ಇರುವ ಹಿರಿಯರಿಗೆ ಅದನ್ನು ಕೊಡುವಾಗ ವೈದ್ಯರು ಬಹಳ ಎಚ್ಚರ ವಹಿಸಬೇಕಾಗುತ್ತದೆ. ಮೊದಲು ಹೃದಯದ ವೈದ್ಯರಿಗೆ ತಿಳಿಸಿ, ಬಳಿಕ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ.

ಪ್ರಶ್ನೆ: ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಅಂಗಾಲಿಗೆ ಮೆಣಸಿನಪುಡಿ ಸವರಿದಂತೆ ರಾತ್ರಿಯೆಲ್ಲ ಉರಿ. ಮೇಲೆ ಕಾಲಿಟ್ಟರೆ ಕರೆಂಟ್ ಹಾಯಿಸುವ ಒಂದು ಚಾಪೆ ‘ಸತ್ತ ನರಗಳಿಗೆ ಜೀವ ಕೊಡುತ್ತದೆ’ ಎಂದು ಅಂಗಡಿಯವನು ಹೇಳುತ್ತಾನೆ. ಕೊಳ್ಳಲೇ?
— ಮಾಟುಂಗದ ಓದುಗರು

ಉತ್ತರ: ನರಗಳಿಗೆ ಜೀವ ಕೊಡುವ ಚಾಪೆ ಇಲ್ಲ. ಟೆನ್ಸ್ ಆಗಲಿ, ಅದರ ವೇಷ ಬದಲಿಸಿದ ಯಾವ ಉಪಕರಣವಾಗಲಿ ಹಾನಿಗೊಂಡ ನರವನ್ನು ದುರಸ್ತಿ ಮಾಡುವುದಿಲ್ಲ. ಕೆಲವರಿಗೆ ಉರಿಯನ್ನು ಸ್ವಲ್ಪ ಹೊತ್ತು ಮರೆಸಬಹುದು, ಅಷ್ಟೇ. ನಿಮ್ಮ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ಉರಿಯುವ ಪಾದವೇ ಎಷ್ಟೋ ಸಲ ಮರಗಟ್ಟಿದ ಪಾದವೂ ಆಗಿರುತ್ತದೆ, ಅಂದರೆ ಒಳಗಿನಿಂದ ನೋವು ಏಳುತ್ತಿದ್ದರೂ ಹೊರಗಿನ ಬಿಸಿ, ಚುಚ್ಚು ಗೊತ್ತಾಗುವುದಿಲ್ಲ. ಕರೆಂಟ್ ಎಷ್ಟಾಯಿತೆಂದು ತಿಳಿಯದೆ ಚರ್ಮ ಸುಟ್ಟುಕೊಂಡರೆ ಸಕ್ಕರೆ ಕಾಯಿಲೆಯವರಲ್ಲಿ ಆ ಗಾಯ ಮಾಗುವುದು ಕಷ್ಟ.

ಅಂಗಡಿಗೆ ಹೋಗುವ ಮುನ್ನ ವೈದ್ಯರಲ್ಲಿ ಪಾದದ ಸ್ಪರ್ಶವನ್ನು ನೈಲಾನ್ ಎಳೆಯಿಂದ ಪರೀಕ್ಷಿಸಲು ಹೇಳಿ. ಎರಡು ನಿಮಿಷದ ಕೆಲಸ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ವಿಟಮಿನ್ ಬಿ-12 ಕಡಿಮೆಯಾಗುವುದುಂಟು, ಅದರಿಂದಲೂ ನರಗಳಿಗೆ ಇಂಥದೇ ತೊಂದರೆ ಬರುತ್ತದೆ. ಮಾಂಸ ತಿನ್ನದವರಲ್ಲಿ ಈ ಕೊರತೆ ಇನ್ನೂ ಸಾಮಾನ್ಯ. ಆ ರಕ್ತಪರೀಕ್ಷೆ ಮಾಡಿಸದೆ ಸಾವಿರಾರು ರೂಪಾಯಿಯ ಚಾಪೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಉರಿಗೆ ಡ್ಯುಲೋಕ್ಸೆಟಿನ್, ಪ್ರೀಗ್ಯಾಬಲಿನ್‌ನಂಥ ಮಾತ್ರೆಗಳಿವೆ. ಇವೆಲ್ಲ ಸೋತವರಿಗಾಗಿ ಬೆನ್ನುಹುರಿಯ ಬಳಿ ಇಡುವ ಉಪಕರಣವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಒಪ್ಪಿಗೆ ನೀಡಿದೆ. ಅದೇನೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ನನಗೆ ನಲವತ್ತಾರು ವರ್ಷ, ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಡಿಸ್ಕ್‌ಗಾಗಿ ಎರಡು ಸಲ ಬೆನ್ನಿನ ಆಪರೇಷನ್ ಆಗಿದೆ. ಬೆನ್ನು ತಡೆದುಕೊಳ್ಳಬಹುದು, ಎಡಗಾಲಿನಲ್ಲಿ ಸೊಂಟದಿಂದ ಪಾದದವರೆಗೆ ಇಳಿಯುವ ಉರಿ, ಇರಿತ ತಡೆಯಲಾಗುವುದಿಲ್ಲ. ಮೂರನೇ ಆಪರೇಷನ್‌ನಿಂದ ಲಾಭವಿಲ್ಲ, ಬೆನ್ನುಹುರಿಗೆ ಸ್ಟಿಮ್ಯುಲೇಟರ್ ಹಾಕೋಣ ಎನ್ನುತ್ತಾರೆ. ಹಲವು ಲಕ್ಷದ ಮಾತು. ಮನೆಯಲ್ಲಿ ಎಲ್ಲರೂ ಹೆದರಿದ್ದಾರೆ. ನಿಮ್ಮ ಅಭಿಪ್ರಾಯ ಬೇಕು.
— ಚಿಂಚವಡದ ಓದುಗರು

ಉತ್ತರ: ನಿಮ್ಮ ವೈದ್ಯರು ವಿಚಿತ್ರವಾದದ್ದನ್ನೇನೂ ಹೇಳುತ್ತಿಲ್ಲ. ಬೆನ್ನಿನ ಶಸ್ತ್ರಕ್ರಿಯೆಯ ನಂತರವೂ ಬೆನ್ನಿಗಿಂತ ಕಾಲಿನಲ್ಲಿ ಹೆಚ್ಚಾಗಿ ಉಳಿಯುವ ನರದ ನೋವು ಈ ಉಪಕರಣಕ್ಕೆ ಒಪ್ಪುವ ಸಂದರ್ಭಗಳಲ್ಲಿ ಮುಖ್ಯವಾದದ್ದು. ಆದರೆ ಇದು ದೊಡ್ಡ ನಿರ್ಧಾರ, ಮತ್ತು ಇದರ ಪರವಾಗಿರುವಷ್ಟೇ ಎಚ್ಚರಿಕೆಯ ಮಾತುಗಳೂ ವೈದ್ಯಕೀಯ ಪತ್ರಿಕೆಗಳಲ್ಲಿವೆ.

ಕೆಲಸ ಮಾಡುವ ಬಗೆ ಟೆನ್ಸ್‌ನ ಒಡಹುಟ್ಟಿದಂಥದ್ದೇ. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಮೊದಲ ಬಾರಿಗೆ ಒಬ್ಬ ಕ್ಯಾನ್ಸರ್ ರೋಗಿಯ ಬೆನ್ನುಹುರಿಯ ಹಿಂಭಾಗದಲ್ಲಿ ಎಲೆಕ್ಟ್ರೋಡ್ ಇಟ್ಟು ನೋವನ್ನು ತಗ್ಗಿಸಿದರು. ಚರ್ಮದ ಮೇಲೆ ಕರೆಂಟ್ ಕೊಡುವ ಯಂತ್ರವನ್ನು ಆರಂಭದ ದಿನಗಳಲ್ಲಿ ಯಾರಿಗೆ ಈ ಶಸ್ತ್ರಕ್ರಿಯೆ ಫಲಿಸೀತೆಂದು ಮೊದಲೇ ನೋಡುವ ಪರೀಕ್ಷೆಯಾಗಿ ಬಳಸುತ್ತಿದ್ದರು. ಕೆಲವರಿಗೆ ಆ ಪರೀಕ್ಷೆಯೇ ಸಾಕಾದ್ದರಿಂದ ಅದು ಸ್ವತಂತ್ರ ಚಿಕಿತ್ಸೆಯಾಗಿ ಬೆಳೆಯಿತು. ಇಂದಿನ ಉಪಕರಣದಲ್ಲಿ ತೆಳುವಾದ ತಂತಿಗಳನ್ನು ಬೆನ್ನುಹುರಿಯ ಹೊರಪೊರೆಯ ಹೊರಗಿನ ಜಾಗಕ್ಕೆ ಸೂಜಿಯ ಮೂಲಕ ಏರಿಸಿ, ಪೇಸ್‌ಮೇಕರಿನಂಥ ಬ್ಯಾಟರಿಯನ್ನು ಸೊಂಟದ ಮೇಲೋ ಹೊಟ್ಟೆಯ ಬದಿಯಲ್ಲೋ ಚರ್ಮದ ಕೆಳಗೆ ಇಡುತ್ತಾರೆ. ಹಳೆಯ ಬಗೆಯಲ್ಲಿ ನೋವಿನ ಜಾಗದಲ್ಲಿ ಜುಮುಜುಮು ಅನಿಸುತ್ತಿರುತ್ತದೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಸೆಕೆಂಡಿಗೆ 10,000 ಮಿಡಿತ ಕೊಡುವ ಬಗೆಯಲ್ಲಿ ಏನೂ ಅನಿಸುವುದಿಲ್ಲ.

ಈ ಚಿಕಿತ್ಸೆಯ ದೊಡ್ಡ ಗುಣವೆಂದರೆ ಪೂರ್ತಿ ಹಾಕಿಸಿಕೊಳ್ಳುವ ಮುನ್ನ ಪ್ರಯೋಗಿಸಿ ನೋಡಬಹುದು. ತಂತಿಗಳನ್ನು ಮಾತ್ರ ಒಳಗಿಟ್ಟು, ಬ್ಯಾಟರಿಯನ್ನು ಹೊರಗೆ ಸೊಂಟಕ್ಕೆ ಕಟ್ಟಿ, ಸುಮಾರು ಒಂದು ವಾರ ಮನೆಯಲ್ಲಿರಲು ಬಿಡುತ್ತಾರೆ. ನೋವು ಅರ್ಧಕ್ಕಿಂತ ಹೆಚ್ಚು ತಗ್ಗಿದರೆ ಮುಂದಿನ ಹಂತ, ಇಲ್ಲವಾದರೆ ತಂತಿಯನ್ನು ಎಳೆದುಬಿಡುತ್ತಾರೆ. ಆ ವಾರ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆದಿಡುವುದಷ್ಟೇ ಸಾಲದು. ಎಷ್ಟು ಹೊತ್ತು ನಿಂತಿರಿ, ಎಷ್ಟು ದೂರ ನಡೆದಿರಿ, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಎಷ್ಟು ಮಾತ್ರೆ ನುಂಗಿದಿರಿ ಎಂಬುದನ್ನು ಮನೆಯವರಿಂದಲೇ ಬರೆಯಿಸಿ. ಹಲವು ಲಕ್ಷ ಖರ್ಚು ಮಾಡುವ ಉತ್ಸಾಹದಲ್ಲಿ ನಮಗೆ ನಾವೇ ಹೆಚ್ಚು ಅಂಕ ಕೊಟ್ಟುಕೊಳ್ಳುತ್ತೇವೆ. ಪಕ್ಕದಲ್ಲಿದ್ದವರು ಹಾಗೆ ಮಾಡಲಾರರು.

ಈಗ ಅಧ್ಯಯನಗಳ ಮಾತು. 2007ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ನಿಮ್ಮಂಥ 100 ರೋಗಿಗಳನ್ನು ತೆಗೆದುಕೊಂಡಿದ್ದರು. ಆರು ತಿಂಗಳ ಬಳಿಕ ಉಪಕರಣ ಹಾಕಿಸಿಕೊಂಡವರಲ್ಲಿ ಶೇಕಡಾ 48 ಮಂದಿಗೆ ಕಾಲಿನ ನೋವು ಅರ್ಧದಷ್ಟಾದರೂ ಇಳಿದಿತ್ತು. ಔಷಧಿ ಮುಂತಾದ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಹಾಗಾದದ್ದು ಶೇಕಡಾ 9 ಮಂದಿಗೆ. ಅದೇ ಅಧ್ಯಯನದಲ್ಲಿ ಉಪಕರಣ ಹಾಕಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಒಂದು ವರ್ಷದೊಳಗೆ ಅದಕ್ಕೆ ಸಂಬಂಧಿಸಿದ ಯಾವುದಾದರೊಂದು ತೊಂದರೆ ಕಾಣಿಸಿತು. ತಂತಿ ಜರುಗುವುದು, ಸೋಂಕು, ಬ್ಯಾಟರಿ ಇಟ್ಟಲ್ಲಿ ನೋವು ಇವು ಮುಖ್ಯ ತೊಂದರೆಗಳು. ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ ಎಂದು ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆ 2008ರಲ್ಲಿ, ಇತರ ಚಿಕಿತ್ಸೆ ನಡೆದರೂ ಆರು ತಿಂಗಳ ಕಾಲ ನೋವಿನ ನೂರು ಅಂಕದ ಅಳತೆಯಲ್ಲಿ ಐವತ್ತಕ್ಕಿಂತ ಕಡಿಮೆಯಾಗದ ನರದ ನೋವು ಇರುವವರಿಗೆ, ಪ್ರಯೋಗ ಯಶಸ್ವಿಯಾದರೆ ಮಾತ್ರ, ಇದನ್ನು ಕೊಡಬಹುದೆಂದಿತು.

ಆದರೆ ಆ 2007ರ ಅಧ್ಯಯನದಲ್ಲಿ ಯಾರಿಗೆ ಉಪಕರಣವಿದೆ ಎಂಬುದು ರೋಗಿಗೂ ಗೊತ್ತಿತ್ತು, ವೈದ್ಯರಿಗೂ ಗೊತ್ತಿತ್ತು. 2022ರಲ್ಲಿ ನಾರ್ವೆಯವರು ಎಲ್ಲ 50 ರೋಗಿಗಳಿಗೂ ಉಪಕರಣ ಹಾಕಿ, ಯಾವ ಅವಧಿಯಲ್ಲಿ ಅದು ನಡೆಯುತ್ತಿದೆ, ಯಾವಾಗ ನಿಂತಿದೆ ಎಂದು ಅವರಿಗೆ ತಿಳಿಯದಂತೆ ಪರೀಕ್ಷಿಸಿದಾಗ, ಬೆನ್ನುನೋವಿನಿಂದ ದಿನನಿತ್ಯದ ಕೆಲಸಕ್ಕೆ ಆಗುವ ಅಡಚಣೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರು ಬಳಸಿದ್ದು ಮಿಡಿತಗಳನ್ನು ಗುಚ್ಛಗುಚ್ಛವಾಗಿ ಕೊಡುವ ಬಗೆ ಮಾತ್ರ, ಹಾಗಾಗಿ ಎಲ್ಲ ಬಗೆಗಳಿಗೂ ಅದನ್ನು ಅನ್ವಯಿಸಲಾಗದು ಎಂದು ಇದರ ಪರ ಇರುವವರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಕೂಡ ಸೊಂಟನೋವಿಗೆ ಇದರ ದೀರ್ಘಕಾಲದ ಲಾಭಕ್ಕೆ ಸಾಕಷ್ಟು ಆಧಾರ ಕಾಣಲಿಲ್ಲ.

ಇವನ್ನೆಲ್ಲ ತೂಗಿ ನಾನು ಹೇಳುವುದಿಷ್ಟು: ನಿಮ್ಮ ನೋವು ಮುಖ್ಯವಾಗಿ ಕಾಲಿನದಾಗಿರುವುದರಿಂದ ಪ್ರಯೋಗದ ವಾರಕ್ಕೆ ಒಪ್ಪಿಕೊಳ್ಳುವುದು ಅವಿವೇಕವಲ್ಲ. ಬೆನ್ನುನೋವೇ ಮುಖ್ಯವಾಗಿದ್ದರೆ ನಾನು ಬೇಡವೆನ್ನುತ್ತಿದ್ದೆ. ಒಪ್ಪುವ ಮುನ್ನ ಇನ್ನೊಬ್ಬ ನೋವು ತಜ್ಞರ ಅಭಿಪ್ರಾಯವನ್ನು ಪಡೆಯಿರಿ; ದೊಡ್ಡ ಆಸ್ಪತ್ರೆಗಳಲ್ಲಿ ನೋವಿನ ಚಿಕಿತ್ಸಾಲಯವನ್ನು ಹೆಚ್ಚಾಗಿ ನಡೆಸುವುದು ಅರಿವಳಿಕೆ ವಿಭಾಗದವರು, ಕ್ಯಾನ್ಸರ್ ನೋವಿಗಾದರೆ ಪರೇಲಿನ ಟಾಟಾ ಮೆಮೋರಿಯಲ್‌ನಲ್ಲೂ ಅದೇ ಪದ್ಧತಿ. ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು: ನೀವೇ ವರ್ಷಕ್ಕೆ ಎಷ್ಟು ಹಾಕುತ್ತೀರಿ, ತಂತಿ ಜರುಗಿದರೆ ಮತ್ತೆ ಕೂರಿಸುವ ಖರ್ಚು ಯಾರದು, ಬ್ಯಾಟರಿ ಚಾರ್ಜ್ ಮಾಡುವಂಥದ್ದೇ ಅಥವಾ ಕೆಲವು ವರ್ಷಕ್ಕೆ ಬದಲಿಸಬೇಕಾದದ್ದೇ, ಮುಂದೆ ಎಂ.ಆರ್.ಐ. ಬೇಕಾದರೆ ಈ ಉಪಕರಣ ಅದಕ್ಕೆ ಒಪ್ಪುತ್ತದೆಯೇ. ಕಂಪನಿಯ ಪ್ರತಿನಿಧಿ ಇಂಥ ಪ್ರಶ್ನೆಗಳಿಗೆ ಬಹಳ ಸೊಗಸಾಗಿ ಉತ್ತರಿಸುತ್ತಾರೆ. ನೀವು ಉತ್ತರ ಪಡೆಯಬೇಕಾದದ್ದು ವೈದ್ಯರಿಂದ, ಅದೂ ಬರವಣಿಗೆಯಲ್ಲಿ. ವಿಮೆಯ ಕಂಪನಿಯ ಒಪ್ಪಿಗೆಯೂ ಹಾಗೆಯೇ. ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಬಿಡಿ, ಸಕ್ಕರೆ ಇದ್ದರೆ ಹತೋಟಿಗೆ ತನ್ನಿ. ಎರಡೂ ಸೋಂಕಿಗೆ ದಾರಿ. ಶಸ್ತ್ರಕ್ರಿಯೆಗೆ ಮುಂಚೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಲು ಹೇಳಿದರೆ ಅವಮಾನವೆಂದು ತಿಳಿಯಬೇಡಿ. ಎಷ್ಟೋ ವರ್ಷದ ನೋವು ಖಿನ್ನತೆಯನ್ನೂ ತಂದಿರುತ್ತದೆ, ಅದಕ್ಕೆ ಚಿಕಿತ್ಸೆಯಾಗದೆ ಉಪಕರಣ ಹಾಕಿದರೆ ಫಲ ಕಡಿಮೆ.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕ. ಈ ಟೆನ್ಸ್ ಎಲ್ಲ ಬರೀ ನಂಬಿಕೆಯ ಫಲವಲ್ಲವೇ? ಬ್ರಿಟನ್ನಿನವರೇ ಇದನ್ನು ಕೊಡಬೇಡಿ ಎಂದಿದ್ದಾರೆಂದು ಓದಿದೆ.
— ಪಣಜಿಯ ಓದುಗರು

ಉತ್ತರ: ನೀವು ಓದಿದ್ದು ಸರಿ. ನೈಸ್ ಸಂಸ್ಥೆ 2016ರಲ್ಲಿ ಸೊಂಟನೋವಿಗೆ, 2021ರಲ್ಲಿ ಬೇರೆ ಕಾರಣ ಕಾಣದ ದೀರ್ಘಕಾಲದ ನೋವಿಗೆ ಟೆನ್ಸ್ ಕೊಡಬೇಡಿ ಎಂದಿತು. ಅಮೆರಿಕದ ಸರಕಾರಿ ವಿಮೆಯೂ 2012ರಲ್ಲಿ ಹಳೆಯ ಸೊಂಟನೋವಿನ ಟೆನ್ಸ್‌ಗೆ ಹಣ ಕೊಡುವುದನ್ನು ನಿಲ್ಲಿಸಿತು. 2019ರ ಕಾಕ್ರೇನ್ ವಿಮರ್ಶೆ, ಇರುವ ಅಧ್ಯಯನಗಳ ಗುಣಮಟ್ಟವೇ ಬಹಳ ಕೆಳಮಟ್ಟದ್ದಾದ್ದರಿಂದ ಲಾಭವಿದೆ ಎಂದಾಗಲಿ ಇಲ್ಲ ಎಂದಾಗಲಿ ವಿಶ್ವಾಸದಿಂದ ಹೇಳಲಾಗದು ಎಂದಿತು. ಇದಕ್ಕೆ ಎದುರಾಗಿ, 2022ರಲ್ಲಿ 381 ಅಧ್ಯಯನಗಳನ್ನು ಒಟ್ಟುಗೂಡಿಸಿದ ಇನ್ನೊಂದು ವಿಮರ್ಶೆ, ಟೆನ್ಸ್ ನಡೆಯುತ್ತಿರುವಾಗ ಮತ್ತು ಮುಗಿದ ಕೂಡಲೇ ನೋವಿನ ತೀವ್ರತೆ ಹುಸಿ ಚಿಕಿತ್ಸೆಗಿಂತ (ನಿಜವಾದ ಚಿಕಿತ್ಸೆಯಂತೆ ತೋರಿಸುವ ನಟನೆಗಿಂತ) ಹೆಚ್ಚು ಇಳಿಯುತ್ತದೆಂದು ಕಂಡಿತು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ, ಒಂದು ಗಂಟೆಯ ನೆಮ್ಮದಿ ಬೇರೆ, ಆರು ತಿಂಗಳ ಬಳಿಕ ಬದುಕಿನಲ್ಲಾಗುವ ಸುಧಾರಣೆ ಬೇರೆ. ಮೊದಲನೆಯದಕ್ಕೆ ಆಧಾರವಿದೆ, ಎರಡನೆಯದಕ್ಕೆ ಇಲ್ಲ.

ಹುಸಿ ಟೆನ್ಸ್ ಮಾಡುವುದೇ ಕಷ್ಟ ಎಂಬುದನ್ನು ವಿಜ್ಞಾನ ಶಿಕ್ಷಕರಾದ ನೀವು ಕೂಡಲೇ ಗುರುತಿಸುವಿರಿ. ಸಕ್ಕರೆಯ ಮಾತ್ರೆಯನ್ನು ನಿಜವಾದ ಮಾತ್ರೆಯಂತೆಯೇ ಕಾಣಿಸಬಹುದು, ಜುಮುಜುಮು ಎನ್ನುವ ಕರೆಂಟನ್ನು ಹಾಗೆ ನಟಿಸಲಾಗದು. ಅಷ್ಟಾಗಿಯೂ ಕಲಿಯುವಂಥದ್ದಿರುವ ಹಳೆಯ ಅಧ್ಯಯನವೊಂದಿದೆ. 1990ರಲ್ಲಿ ಅಮೆರಿಕದಲ್ಲಿ 145 ಸೊಂಟನೋವಿನ ರೋಗಿಗಳಲ್ಲಿ ಕೆಲವರಿಗೆ ಟೆನ್ಸ್, ಕೆಲವರಿಗೆ ಹುಸಿ ಟೆನ್ಸ್ ಕೊಟ್ಟು, ಎರಡೂ ಗುಂಪಿನ ಅರ್ಧದಷ್ಟು ಮಂದಿಗೆ ವ್ಯಾಯಾಮ ಹೇಳಿಕೊಟ್ಟರು. ಟೆನ್ಸ್ ಹುಸಿಗಿಂತ ಮೇಲೆನಿಸಲಿಲ್ಲ. ವ್ಯಾಯಾಮ ಮಾಡಿದವರು ಸುಧಾರಿಸಿದರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೆಚ್ಚಿನವರು ವ್ಯಾಯಾಮ ಬಿಟ್ಟಿದ್ದರು, ಸುಧಾರಣೆಯೂ ಹೋಗಿತ್ತು. ಡೊಂಬಿವಲಿಯ ಓದುಗರಿಗೆ ನಡೆದಾಟದ ಹೊತ್ತಿಗೆ ಯಂತ್ರ ಹಾಕಿಕೊಳ್ಳಿ ಎಂದದ್ದು ಇದೇ ಕಾರಣಕ್ಕೆ.

ಕರೆಂಟಿನಿಂದ ನೋವು ತಗ್ಗಿಸುವ ಆಲೋಚನೆ ಹೊಸದಲ್ಲ ಎಂಬುದು ಗೋವಾದವರಾದ ನಿಮಗೆ ಸ್ವಾರಸ್ಯವಾದೀತು. ಒಂದನೇ ಶತಮಾನದಲ್ಲೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ತಲೆನೋವಿಗೂ ಕೀಲು ಊದಿ ನೋಯುವ ಗೌಟ್ ರೋಗಕ್ಕೂ ಕರೆಂಟ್ ಹೊಡೆಯುವ ಟಾರ್ಪೆಡೋ ಮೀನನ್ನು ಜೀವಂತ ಹಿಡಿದು, ಜಾಗ ಮರಗಟ್ಟುವವರೆಗೆ ತಾಗಿಸಬೇಕೆಂದು ಬರೆದಿದ್ದಾನೆ. ಅದರ ಬಳಗದ ಮೀನುಗಳು ನಮ್ಮ ಅರಬ್ಬಿ ಸಮುದ್ರದಲ್ಲೂ ಇವೆ. ಗೌಟ್ ಅದರಿಂದ ವಾಸಿಯಾಗಿರಲಾರದು, ಆದರೆ ಆ ಹೊತ್ತಿನ ನೋವು ಮರೆತಿದ್ದರೆ ಆಶ್ಚರ್ಯವಿಲ್ಲ.

ನಿಮಗೇ ನೋವಿದ್ದು ಪರೀಕ್ಷಿಸುವ ಮನಸ್ಸಿದ್ದರೆ, ಕೊಳ್ಳುವ ಮುನ್ನ ಫಿಸಿಯೋಥೆರಪಿಸ್ಟರ ಬಳಿ ಎರಡು ಮೂರು ಸಲ ಹಾಕಿಸಿಕೊಂಡು ನೋಡಿ. ಕೆಲವರು ತಮ್ಮ ಯಂತ್ರವನ್ನು ಕೆಲವು ದಿನಗಳ ಮಟ್ಟಿಗೆ ಮನೆಗೂ ಕೊಡುತ್ತಾರೆ. ನಿಮಗೆ ಕಷ್ಟವೆನಿಸುವ ಒಂದೇ ಕೆಲಸವನ್ನು ಆರಿಸಿಕೊಳ್ಳಿ, ಅಲ್ತಿನ್ಹೋ ಗುಡ್ಡ ಹತ್ತುವುದೇ ಇರಲಿ, ಮತ್ತು ಯಂತ್ರ ಹಾಕಿಕೊಂಡ ದಿನ, ಹಾಕಿಕೊಳ್ಳದ ದಿನ ಎಷ್ಟು ದೂರ ಹೋಗಿ ಕುಳಿತುಕೊಳ್ಳಬೇಕಾಯಿತು ಎಂದು ಬರೆದಿಡಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ಯಂತ್ರವನ್ನು ಹಿಂದಿರುಗಿಸಿ, ಗುಡ್ಡ ಹತ್ತುವುದನ್ನು ಮಾತ್ರ ಮುಂದುವರಿಸಿ.